ಮುಚ್ಚಿದ ಬಾಗಿಲಿನ ಯಂತ್ರವೂ ಪೇಟೆಯ ಗಾಳಿಮಾತೂ

ಚಂದ್ರಗುತ್ತಿಯ ಸೀಮೆಯ ಗೃಹಸ್ಥರೊಬ್ಬರು ನಮಗೊಂದು ಕಾಗದವನ್ನು ಬರೆದಿರುವರು. ಅವರ ಹಿರಿಯ ಮಗನು ಬೆಂಗಳೂರಿನಲ್ಲಿ ಇಂಜಿನಿಯರನಾಗಿ, ಇಂಟರ್ನೆಟ್ಟಿನ ಸಂಚಾರವನ್ನು ನಡೆಯಿಸುವ ರೂಟರುಗಳೆಂಬ ಯಂತ್ರಗಳನ್ನು ಕಟ್ಟುವ ಕಂಪೆನಿಯೊಂದರಲ್ಲಿ ಕೆಲಸದಲ್ಲಿರುವನಂತೆ. ಹಬ್ಬಕ್ಕೆ ಊರಿಗೆ ಬಂದಾಗ "ಈಗೇನು ಕೆಲಸ ನಡೆದಿದೆಯಪ್ಪಾ?" ಎಂದು ಕೇಳಿದರೆ, "ದೊಡ್ಡದೇ ನಡೆದಿದೆ ಅಪ್ಪಯ್ಯ, ಹೇಳುವ ಹಾಗಿಲ್ಲ" ಎಂಬಷ್ಟೇ ಉತ್ತರ. ಮಗನು ಹೇಳದ ಸಂಗತಿಯನ್ನು ನೆಂಟರೊಬ್ಬರು ಹೇಳುತ್ತಾರೆ. ಆ ಕಂಪೆನಿಯು ಲೋಕದಲ್ಲಿಯೇ ಇಲ್ಲದಷ್ಟು ದೊಡ್ಡ ರೂಟರೊಂದನ್ನು ಗುಟ್ಟಾಗಿ ಕಟ್ಟುತ್ತಿರುವುದೆಂದೂ, ಅದು ಹೊರಬಿದ್ದ ದಿನ ಷೇರಿನ ಬೆಲೆ ಆಕಾಶಕ್ಕೇರುವುದೆಂದೂ, ಅಡಿಕೆ ಮಂಡಿಯಿಂದ ಬಂದ ಹಣವನ್ನು ಈಗಲೇ ಅದರಲ್ಲಿ ಹಾಕುವುದು ಜಾಣತನವೆಂದೂ ಅವರ ಬೋಧೆ. ಆ ಹಣವು ಮಗಳ ಮದುವೆಗೆಂದು ಎತ್ತಿಟ್ಟದ್ದು. ಮಗನು ಹೆತ್ತ ತಂದೆಗೂ ಮರೆಮಾಡುವುದು ಸರಿಯೆ, ನೆಂಟರ ಮಾತಿನಂತೆ ನಡೆಯಬಹುದೆ, ಎಂದು ಎರಡು ಪ್ರಶ್ನೆಗಳು. ಕಾಗದ ಬರೆದವರ ಹೆಸರೂ ಕಂಪೆನಿಯ ಹೆಸರೂ ಇಲ್ಲಿ ಬೇಕಾಗಿಲ್ಲ. ಇಂತಹ ಮಾತು ಮಲೆನಾಡಿನ ಎಷ್ಟೋ ಜಗುಲಿಗಳ ಮೇಲೆ ಈಗ ನಡೆಯುತ್ತಿರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇವೆ.

ಮೊದಲು ಯಂತ್ರವೆಂಥದೆಂಬುದನ್ನು ತಿಳಿಯತಕ್ಕದ್ದು. ೧೬೭೨ರಲ್ಲಿ ಚಿಕ್ಕದೇವರಾಜ ಒಡೆಯರು ಮೈಸೂರು ಸೀಮೆಯಲ್ಲಿ ಅಂಚೆಯನ್ನು ಏರ್ಪಡಿಸಿದರಷ್ಟೆ. ಓಲೆಯ ಚೀಲವನ್ನು ಹೊತ್ತ ಓಟಗಾರನು ಒಂದು ಕಟ್ಟೆಯಿಂದ ಮುಂದಿನ ಕಟ್ಟೆಗೆ ಮುಟ್ಟಿಸುವನು, ಅಲ್ಲಿ ವಿಳಾಸವನ್ನು ನೋಡಿ ಯಾವ ದಾರಿಗೆ ಯಾವ ಚೀಲವೆಂದು ವಿಂಗಡಿಸುವರು. ರೂಟರು ಮಾಡುವುದೂ ಇದನ್ನೇ. ಚಂದ್ರಗುತ್ತಿಯಿಂದ ಅಜ್ಜಿಯು ಮೊಮ್ಮಗನಿಗೆ ಕಳುಹಿಸುವ ರೇಣುಕಾಂಬೆಯ ಜಾತ್ರೆಯ ಭಾವಚಿತ್ರವು ಇಡಿಯಾಗಿ ಹೋಗುವುದಿಲ್ಲ. ಮೂವತ್ತು ಲಕ್ಷ ಬೈಟುಗಳ ಚಿತ್ರವಾದರೆ, ಒಂದೊಂದು ಲಕೋಟೆಯಲ್ಲಿ ಹೆಚ್ಚೆಂದರೆ ೧,೫೦೦ ಬೈಟುಗಳಂತೆ, ಸುಮಾರು ಎರಡು ಸಾವಿರ ಲಕೋಟೆಗಳಾಗಿ ಒಡೆದು ಹೋಗುತ್ತದೆ. ಪ್ರತಿಯೊಂದರ ಮೇಲೂ ವಿಳಾಸವಿರುವುದು. ದಾರಿಯಲ್ಲಿ ಸಿಕ್ಕುವ ಪ್ರತಿಯೊಂದು ರೂಟರೂ ಆ ವಿಳಾಸವನ್ನು ಓದಿ, ಸುಮಾರು ಹತ್ತು ಲಕ್ಷ ದಾರಿಗಳುಳ್ಳ ತನ್ನ ಪಟ್ಟಿಯಲ್ಲಿ ಹುಡುಕಿ, ಇಂತಹ ಕಡೆಗೆ ಎಂದು ನೂಕಬೇಕು.

ಈ ಹುಡುಕಾಟಕ್ಕೆ ದೊರೆಯುವ ಸಮಯವೆಷ್ಟು? ಒಂದು ಗಾಜಿನೆಳೆಯಲ್ಲಿ ಸೆಕೆಂಡಿಗೆ ೪೦ ಗಿಗಾಬಿಟ್, ಎಂದರೆ ನಾಲ್ಕು ಸಾವಿರ ಕೋಟಿ ಬಿಟ್ಟುಗಳು ಬರುತ್ತಿದ್ದು, ಲಕೋಟೆಗಳೆಲ್ಲವೂ ೪೦ ಬೈಟುಗಳ ಚಿಕ್ಕವೇ ಆಗಿದ್ದರೆ, ಸೆಕೆಂಡಿಗೆ ಹನ್ನೆರಡೂವರೆ ಕೋಟಿ ಲಕೋಟೆಗಳಾದವು. ಒಂದಕ್ಕೊಂದರ ಅಂತರದಲ್ಲಿ ಬೆಳಕು ಕೂಡ ಎಂಟು ಅಡಿಗಿಂತ ಮುಂದೆ ಹೋಗಲಾರದು. ಅಷ್ಟರೊಳಗೆ ಪಟ್ಟಿಯನ್ನು ನೋಡಿ ಮುಗಿಸಬೇಕು. ತಡವಾದರೆ ಲಕೋಟೆಯು ಕೆಳಗೆ ಬಿತ್ತು. ಇಂತಹ ಎಳೆಗಳು ನೂರಾರು ಬಂದು ಸೇರುವ ನಡುಮನೆಯ ಯಂತ್ರವನ್ನು ಕಟ್ಟುವುದು ಎಳೆಯರ ಆಟವಲ್ಲವೆಂಬುದಕ್ಕೆ ಇಷ್ಟು ಸಾಕು.

ಇನ್ನು ಗುಟ್ಟಿನ ಮಾತು. ಕೋಟೆಯೊಳಗೆ ಎಷ್ಟು ಧಾನ್ಯವಿದೆ, ಎಷ್ಟು ಮದ್ದಿದೆ ಎಂಬುದು ಹೊರಗಿನವನಿಗೆ ತಿಳಿಯದಿರುವುದೇ ಕೋಟೆಯ ಅರ್ಧ ಬಲವೆಂದು ಚಂದ್ರಗುತ್ತಿಯ ಗುಡ್ಡದ ಕೆಳಗೆ ಬೆಳೆದವರಿಗೆ ನಾವು ಹೇಳಬೇಕಾಗಿಲ್ಲ. ರೂಟರು ಕಟ್ಟುವವರು ಬಾಗಿಲು ಮುಚ್ಚಿಕೊಳ್ಳುವುದಕ್ಕೆ ಎದುರಾಳಿಯ ಭಯವೊಂದೇ ಕಾರಣವಲ್ಲ. ದೊಡ್ಡ ಯಂತ್ರವು ಬರಲಿದೆಯೆಂದು ಗಿರಾಕಿಗೆ ತಿಳಿದರೆ ಅವನು ಇಂದಿನ ಯಂತ್ರವನ್ನು ಕೊಳ್ಳುವುದನ್ನು ನಿಲ್ಲಿಸಿಬಿಡುವನು. ಆಗ ಹೊಸತು ಹುಟ್ಟುವುದಕ್ಕೆ ಬೇಕಾದ ಹಣವನ್ನು ತರುವ ಹಳೆಯದೇ ಬಿದ್ದುಹೋಗುತ್ತದೆ. ಮತ್ತೊಂದು ಸಂಗತಿಯನ್ನು ಕಂಪೆನಿಗಳು ಬಾಯಿಬಿಟ್ಟು ಹೇಳುವುದಿಲ್ಲ. ಕೆಲಸವು ಕೆಟ್ಟು ನಿಂತರೂ ಮುಚ್ಚಿದ ಬಾಗಿಲಿನ ಹಿಂದೆ ಅದು ಯಾರಿಗೂ ಕಾಣುವುದಿಲ್ಲ. ಹೊರಗೆ ನಿಂತವನಿಗಾದರೋ ಒಳಗೆ ಅಡಿಗೆ ಬೇಯುತ್ತಿದೆಯೋ ಸೀಯುತ್ತಿದೆಯೋ ತಿಳಿಯದು, ಹೊಗೆಯೊಂದೇ ಕಾಣುವುದು.

ಈ ಹೊಗೆಯನ್ನು ನೋಡಿ ಊಹೆ ಕಟ್ಟಿದ ಕಥೆಗಳಲ್ಲಿ ಪ್ರಸಿದ್ಧವಾದದ್ದು ಅಮೆರಿಕದ ಸಿಸ್ಕೋ ಕಂಪೆನಿಯದು. ಪ್ರದೀಪ್ ಸಿಂಧು ಎಂಬ ಭಾರತೀಯರು ೧೯೯೬ರಲ್ಲಿ ಸ್ಥಾಪಿಸಿದ ಜೂನಿಪರ್ ಕಂಪೆನಿಯು ೧೯೯೮ರಲ್ಲಿ ಎಂ-೪೦ ಎಂಬ ರೂಟರನ್ನು ಹೊರತಂದು, ಲಕೋಟೆಗಳನ್ನು ನೂಕುವ ಕೆಲಸವನ್ನೆಲ್ಲ ಅದಕ್ಕೆಂದೇ ಮಾಡಿದ ಚಿಪ್ಪುಗಳಿಗೆ ಒಪ್ಪಿಸಿದಾಗ, ಹಿರಿಯ ಕಂಪೆನಿಯಾದ ಸಿಸ್ಕೋವಿನ ಗಿರಾಕಿಗಳು ಕೈಬಿಡತೊಡಗಿದರು. ಅಲ್ಲಿಂದಾಚೆಗೆ ಸಿಸ್ಕೋವಿನೊಳಗೆ ಎಚ್‌ಎಫ್‌ಆರ್ ಎಂಬ ಗುಪ್ತನಾಮದ ಯಂತ್ರವೊಂದು ಬೆಳೆಯತೊಡಗಿತು. ಈ ಮೂರಕ್ಷರಗಳಿಗೆ ಹೊರಗೆ ಹೇಳಿದ ಅರ್ಥವು "ಭಾರಿ ವೇಗದ ರೂಟರು" ಎಂಬುದು. ನಡುವಣ ಅಕ್ಷರಕ್ಕೆ ಇಂಜಿನಿಯರುಗಳು ತಮ್ಮೊಳಗೆ ಹೇಳಿಕೊಳ್ಳುತ್ತಿದ್ದ ಅರ್ಥವನ್ನು ಕುಟುಂಬದ ಪತ್ರಿಕೆಯಲ್ಲಿ ಅಚ್ಚುಮಾಡಲಾಗುವುದಿಲ್ಲ. ಯಾವಾಗ ಬರುವುದು, ಎಷ್ಟು ಟೆರಾಬಿಟ್ ಸಾಗಿಸುವುದು, ಬರುವುದೇ ಇಲ್ಲವೋ ಏನೋ, ಎಂದು ವ್ಯಾಪಾರದ ಪತ್ರಿಕೆಗಳೂ ಷೇರುಪೇಟೆಯ ಪಂಡಿತರೂ ವರ್ಷಗಟ್ಟಲೆ ಮಾತಾಡಿದರು. ಸುಮಾರು ನಾಲ್ಕು ವರ್ಷ ದುಡಿದು, ಐವತ್ತು ಕೋಟಿ ಡಾಲರುಗಳನ್ನು ಸುರಿದ ಮೇಲೆ, ೨೦೦೪ರ ಮೇ ತಿಂಗಳಿನಲ್ಲಿ ಸಿಆರ್‌ಎಸ್-೧ ಎಂಬ ಹೆಸರಿನಿಂದ ಅದು ಹೊರಬಂದಿತು. ಅದರ ಒಂದು ಚಿಪ್ಪಿನೊಳಗೆ ೧೮೮ ಚಿಕ್ಕ ಗಣಕಗಳು ಒಟ್ಟಿಗೆ ಕೆಲಸಮಾಡುತ್ತಿದ್ದುವು. ಯಂತ್ರದ ಶಕ್ತಿಯು ಸೆಕೆಂಡಿಗೆ ೯೨ ಟೆರಾಬಿಟ್ ಎಂದು ಸಾರಿದರು. ಒಂದು ಟೆರಾಬಿಟ್ ಎಂದರೆ ಒಂದು ಲಕ್ಷ ಕೋಟಿ ಬಿಟ್ಟುಗಳು.

ಈ ೯೨ ಎಂಬ ಅಂಕಿಯ ಬಳಿ ವಾಚಕರನ್ನು ಸ್ವಲ್ಪ ನಿಲ್ಲಿಸಬೇಕೆಂದು ನಮ್ಮ ಆಸೆ. ಇದನ್ನು ಬಿಡಿಸಿ ನೋಡಿದವನು ಮುಂದೆ ಇಂತಹ ಯಾವ ಅಂಕಿಗೂ ಬೆದರುವುದಿಲ್ಲ. ಆ ಯಂತ್ರದ ಒಂದು ಕಪಾಟಿನಲ್ಲಿ ಹದಿನಾರು ಗೂಡುಗಳು. ಒಂದೊಂದು ಗೂಡಿಗೆ ೪೦ ಗಿಗಾಬಿಟ್. ಒಟ್ಟು ೬೪೦ ಆಯಿತು. ಆದರೆ ಒಳಗೆ ಬರುವುದನ್ನು ಒಮ್ಮೆ, ಹೊರಗೆ ಹೋಗುವುದನ್ನು ಇನ್ನೊಮ್ಮೆ ಎಣಿಸಿದರು, ೧,೨೮೦ ಆಯಿತು. ಇಂತಹ ಎಪ್ಪತ್ತೆರಡು ಕಪಾಟುಗಳನ್ನು, ಅವನ್ನು ಪರಸ್ಪರ ಹೆಣೆಯುವ ಇನ್ನೆಂಟು ಕಪಾಟುಗಳ ಮೂಲಕ ಕೂಡಿಸಿದರೆ ೯೨,೧೬೦ ಗಿಗಾಬಿಟ್, ಎಂದರೆ ೯೨ ಟೆರಾಬಿಟ್. ಸುಳ್ಳೆನ್ನುವಂತಿಲ್ಲ. ಊರಿನ ಬಸ್ಸು ಹೋಗುವಾಗ ಐವತ್ತು, ಬರುವಾಗ ಐವತ್ತು ಎಂದು ನೂರು ಜನರ ಬಸ್ಸೆಂದು ಹೇಳಿ, ಅಂತಹ ಎಪ್ಪತ್ತೆರಡು ಬಸ್ಸುಗಳನ್ನು ಸಾಲಾಗಿ ಕಟ್ಟಿದರೆ ಎಷ್ಟೆಂದು ಲೆಕ್ಕ ಹಾಕಿದಂತೆ. ಕಂಪೆನಿಯವರು ಹೀಗೆ ಎಣಿಸುವುದು ವಾಡಿಕೆಯೇ ಆಗಿರುವುದರಿಂದ ಸಿಸ್ಕೋವನ್ನೊಂದನ್ನೇ ದೂರುವುದು ನ್ಯಾಯವಲ್ಲ.

ಆರು ವರ್ಷಗಳಾದ ಮೇಲೆ ಅದೇ ಕಂಪೆನಿಯು ಗುಟ್ಟನ್ನೇ ತಮಟೆಯಾಗಿ ಬಡಿಯಿತು. ಇಂಟರ್ನೆಟ್ಟನ್ನು ಎಂದೆಂದಿಗೂ ಬದಲಾಯಿಸುವ ಪ್ರಕಟಣೆಯೊಂದು ೨೦೧೦ರ ಮಾರ್ಚ್ ೯ರಂದು ಹೊರಡುವುದೆಂದು ಮೊದಲೇ ಸಾರಿ, ವಿಷಯವನ್ನು ಮಾತ್ರ ಹೇಳದೆ ಬಿಟ್ಟರು. ಊಹೆಗಳು ಜೇನು ಕೆದಕಿದಂತೆ ಎದ್ದವು. ಆ ದಿನ ಬಂದದ್ದು ಸಿಆರ್‌ಎಸ್-೩ ಎಂಬ ಹೊಸ ರೂಟರು; ಶಕ್ತಿ ೩೨೨ ಟೆರಾಬಿಟ್. ಗೂಡಿಗೆ ೪೦ರ ಬದಲು ೧೪೦ ಗಿಗಾಬಿಟ್, ಉಳಿದ ಗುಣಾಕಾರವೆಲ್ಲ ಹಿಂದಿನದೇ. ಕಾಗದದ ತುಂಡೊಂದರಲ್ಲಿ ಯಾರು ಬೇಕಾದರೂ ಮಾಡಿ ನೋಡಬಹುದು. ಚೀನಾದೇಶದ ಜನರೆಲ್ಲರೂ ಏಕಕಾಲಕ್ಕೆ ಮುಖ ನೋಡಿಕೊಂಡು ಮಾತನಾಡಬಹುದೆಂದು ಅವರು ಹೇಳಿಕೊಂಡರು. ಯಂತ್ರವು ಒಳ್ಳೆಯದೇ ಆಗಿತ್ತು. ಇಂಟರ್ನೆಟ್ಟು ಎಂದೆಂದಿಗೂ ಬದಲಾಯಿತೆಂದು ಹೇಳುವುದು ಹೆಚ್ಚಿನ ಮಾತು.

ಗುಟ್ಟಾಗಿ ಕಟ್ಟಿ ಗೆದ್ದವರ ಮಾತಾಯಿತು. ಸೋತವರ ಕಥೆಯನ್ನು ನೆಂಟರಿಷ್ಟರು ಹೇಳುವುದು ಕಡಮೆ. ೧೯೯೯ರಲ್ಲಿ ಪ್ರಾಕೆಟ್ ಎಂಬ ಕಂಪೆನಿಯು ಕ್ಯಾಲಿಫೋರ್ನಿಯದಲ್ಲಿ ಹುಟ್ಟಿತು. ರೂಟರಿನ ವಿದ್ಯೆಯಲ್ಲಿ ಹೆಸರಾಂತ ಟೋನಿ ಲೀ ಎಂಬವರು ಅದರ ಸ್ಥಾಪಕರಲ್ಲೊಬ್ಬರು. ಒಳಗೆ ಏನು ನಡೆದಿದೆಯೆಂಬುದನ್ನು ಹೊರಗೆ ಹೇಳದೆಯೇ ಇಪ್ಪತ್ತೈದು ಕೋಟಿ ಡಾಲರುಗಳಿಗೂ ಮಿಕ್ಕ ಬಂಡವಾಳವನ್ನು ಕೂಡಿಸಿದರು. ಅಷ್ಟು ಗುಟ್ಟಾಗಿರುವುದರಿಂದ ಒಳಗೆ ಮಹತ್ತಾದದ್ದೇ ಇರಬೇಕೆಂದು ಪೇಟೆಯವರು ತರ್ಕಿಸಿದರು. ನಾಲ್ಕು ವರ್ಷಗಳ ಮೇಲೆ, ೨೦೦೩ರಲ್ಲಿ, ಬಾಗಿಲು ತೆರೆಯಿತು. ಯಂತ್ರವು ನಿಜವಾಗಿಯೂ ಇತ್ತು, ಚೆನ್ನಾಗಿಯೂ ಇತ್ತು. ಆದರೆ ಅಷ್ಟರಲ್ಲಿ ದೂರವಾಣಿ ಕಂಪೆನಿಗಳ ಕೈ ಬರಿದಾಗಿ, ಕೊಳ್ಳುವವರೇ ಇಲ್ಲವಾಗಿದ್ದರು. ೨೦೦೪ರ ಬೇಸಗೆಯಲ್ಲಿ ಅದರ ಆಸ್ತಿಯನ್ನು ೮.೯ ಕೋಟಿ ಡಾಲರಿಗೆ ಕೊಂಡವರು ಯಾರೆಂದರೆ, ತಮ್ಮ ಎಚ್‌ಎಫ್‌ಆರ್ ಅನ್ನು ಆಗತಾನೆ ಹೊರತಂದಿದ್ದ ಸಿಸ್ಕೋವಿನವರು.

ನಮ್ಮವರ ಕಥೆಯೊಂದನ್ನೂ ಹೇಳಬೇಕು. ಹುಬ್ಬಳ್ಳಿಯಲ್ಲಿ ಹುಟ್ಟಿದ ಗುರುರಾಜ ದೇಶಪಾಂಡೆಯವರು ಅಮೆರಿಕದಲ್ಲಿ ೧೯೯೦ರಲ್ಲಿ ಕ್ಯಾಸ್ಕೇಡ್ ಎಂಬ ಕಂಪೆನಿಯನ್ನು ಕಟ್ಟಿ, ಅದು ೧೯೯೭ರಲ್ಲಿ ೩೭೦ ಕೋಟಿ ಡಾಲರಿಗೆ ಮಾರಾಟವಾದ ಮೇಲೆ, ೧೯೯೮ರಲ್ಲಿ ಸಿಕಮೋರ್ ಎಂಬ ಇನ್ನೊಂದನ್ನು ಆರಂಭಿಸಿದರು. ಬೆಳಕಿನೆಳೆಗಳ ಸಂಚಾರವನ್ನು ಬೇಕಾದ ಕಡೆಗೆ ತಿರುಗಿಸುವ ಯಂತ್ರಗಳು ಅದರ ಕಸುಬು. ರೂಟರಿಗೆ ಹತ್ತಿರದ ಬಂಧು. ೧೯೯೯ರ ಅಕ್ಟೋಬರಿನಲ್ಲಿ ಷೇರುಗಳನ್ನು ೩೮ ಡಾಲರಿಗೆ ಮಾರಿದರು. ಅದೇ ಸಂಜೆ ಅದರ ಬೆಲೆ ೧೮೪ ಡಾಲರುಗಳನ್ನು ದಾಟಿತ್ತು. ಕಂಪೆನಿಯ ಒಟ್ಟು ಬೆಲೆಯು ೧,೪೦೦ ಕೋಟಿ ಡಾಲರುಗಳಿಗೆ ಮಿಕ್ಕಿತು. ಆಗ ಆ ಕಂಪೆನಿಗೆ ದೊಡ್ಡ ಗಿರಾಕಿಯೆಂಬವನು ಒಬ್ಬನೇ ಒಬ್ಬನು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ. ಕುಲಾವಿಗೆ ಚಿನ್ನದ ಎಳೆಯನ್ನೂ ಹಾಕಿಸಿದರು. ೨೦೦೨ರ ಹೊತ್ತಿಗೆ ಆ ಷೇರು ಐದು ಡಾಲರಿಗಿಂತ ಕೆಳಗಿತ್ತು. ನಡುವೆ ಒಂದು ಷೇರು ಮೂರಾಗಿ ಒಡೆದಿತ್ತೆಂಬುದನ್ನು ಲೆಕ್ಕಕ್ಕೆ ತಂದರೂ, ೧೮೪ ಕೊಟ್ಟು ಕೊಂಡವನಿಗೆ ಉಳಿದದ್ದು ಹದಿನೈದಕ್ಕೂ ಕಡಮೆ. ೨೦೧೩ರಲ್ಲಿ ಕಂಪೆನಿಯನ್ನು ವಿಸರ್ಜಿಸಲು ಷೇರುದಾರರು ಒಪ್ಪಿದರು. ದೇಶಪಾಂಡೆಯವರ ಬುದ್ಧಿಗಾಗಲಿ ಯಂತ್ರದ ಗುಣಕ್ಕಾಗಲಿ ಇದರಿಂದ ಕಳಂಕವೇನೂ ಇಲ್ಲ. ಯಂತ್ರವು ಒಳ್ಳೆಯದೆಂಬುದು ಒಂದು, ಷೇರಿಗೆ ಕೊಟ್ಟ ಬೆಲೆಯು ತಕ್ಕದ್ದೆಂಬುದು ಇನ್ನೊಂದು. ಚಂದ್ರಗುತ್ತಿಯ ನಮ್ಮ ಗೃಹಸ್ಥರ ನೆಂಟರು ಮೊದಲನೆಯದನ್ನು ಕೇಳಿ ಎರಡನೆಯದನ್ನು ನಂಬುತ್ತಿದ್ದಾರೆ. ಮದುವೆಗಿಟ್ಟ ಹಣವನ್ನು ಇದಕ್ಕೆ ತೆಗೆಯಕೂಡದೆಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ.

ಮಗನ ಮೌನದ ವಿಷಯಕ್ಕೆ ಬಂದರೆ, ತಂದೆಯವರು ಅವನನ್ನು ಮೆಚ್ಚಿಕೊಳ್ಳತಕ್ಕದ್ದೇ ಹೊರತು ಮುನಿಯತಕ್ಕದ್ದಲ್ಲ. ಕೆಲಸಕ್ಕೆ ಸೇರುವಾಗ ಗುಟ್ಟನ್ನು ಕಾಯುವೆನೆಂದು ಅವನು ಸಹಿ ಮಾಡಿಕೊಟ್ಟಿರುವನು. ಅದಕ್ಕಿಂತ ಭಾರವಾದ ಕಟ್ಟೊಂದಿದೆ. ನಮ್ಮ ದೇಶದ ಷೇರುಪೇಟೆಯನ್ನು ನೋಡಿಕೊಳ್ಳುವ ಸೆಬಿ ಸಂಸ್ಥೆಯ ೨೦೧೫ರ ನಿಬಂಧನೆಗಳ ಪ್ರಕಾರ, ಪೇಟೆಯಲ್ಲಿ ಷೇರಿರುವ ಕಂಪೆನಿಯ ಒಳಗಿನ, ಇನ್ನೂ ಪ್ರಕಟವಾಗದ, ಬೆಲೆಯನ್ನು ಏರಿಳಿಸಬಲ್ಲ ಸುದ್ದಿಯನ್ನು ಒಳಗಿನವನು ಹೊರಗೆ ಹೇಳುವುದೂ ತಪ್ಪು, ಕೇಳಿದವನು ಅದರ ಮೇಲೆ ಷೇರು ಕೊಳ್ಳುವುದೂ ತಪ್ಪು. ಒಳಗಿನವನ ಹತ್ತಿರದ ನೆಂಟರನ್ನು ಕಾನೂನು ಅವನೊಡನೆ ಸೇರಿಸಿಯೇ ನೋಡುತ್ತದೆ. ದಂಡವು ಹತ್ತು ಲಕ್ಷ ರೂಪಾಯಿಗೆ ಕಡಮೆಯಿಲ್ಲ. ೨೫ ಕೋಟಿಯವರೆಗೆ, ಅಥವಾ ಬಂದ ಲಾಭದ ಮೂರರಷ್ಟರವರೆಗೆ, ಯಾವುದು ಹೆಚ್ಚೋ ಅದು. ಸೆರೆವಾಸಕ್ಕೂ ಅವಕಾಶವಿದೆ. "ಅಪ್ಪನಿಗೆ ತಾನೆ ಹೇಳಿದೆ" ಎಂಬುದು ಉತ್ತರವಾಗಲಾರದು. ಊಟಕ್ಕೆ ಕುಳಿತಾಗ ತಾಯಿಯು ಬಡಿಸುತ್ತಾ ಕೇಳಿದ ಮಾತಿಗೆ ಮಗನು ಬಾಯಿಬಿಟ್ಟು, ಅದು ನೆಂಟರ ಕಿವಿಗೆ ಬಿದ್ದು, ಅವರು ಷೇರು ಕೊಂಡರೆಂದರೆ, ಮನೆಯ ಮೂವರು ವಿಚಾರಣೆಗೆ ಹೋಗಬೇಕಾದೀತು. ಆದುದರಿಂದ ಮಕ್ಕಳನ್ನು ಕೆದಕಿ ಕೇಳದಿರುವುದು ಮನೆಯ ಹಿರಿಯರಿಗೂ ಕ್ಷೇಮ.

ಹಾಗಾದರೆ ಗುಟ್ಟಾಗಿ ಕಟ್ಟುವ ದೊಡ್ಡ ಯಂತ್ರಕ್ಕೂ ನಮ್ಮ ಮನೆಗೂ ಸಂಬಂಧವೇ ಇಲ್ಲವೇ ಎಂದರೆ, ಇದೆ, ಷೇರಿನ ದಾರಿಯಿಂದಲ್ಲ. ಇದಕ್ಕೆ ಕರ್ನಾಟಕದಲ್ಲಿಯೇ ನಡೆದ ಹಳೆಯ ಪ್ರಸಂಗವೊಂದು ನೆನಪಿಗೆ ಬರುತ್ತದೆ. ೧೯೮೪ರ ಆಗಸ್ಟಿನಲ್ಲಿ ಕೇಂದ್ರ ಸರಕಾರವು ಸಿ-ಡಾಟ್ ಎಂಬ ಸಂಸ್ಥೆಯನ್ನು ದೆಹಲಿಯಲ್ಲಿಯೂ ಬೆಂಗಳೂರಿನಲ್ಲಿಯೂ ಆರಂಭಿಸಿತು. ೩೬ ತಿಂಗಳುಗಳಲ್ಲಿ ೩೬ ಕೋಟಿ ರೂಪಾಯಿಗಳೊಳಗೆ ನಮ್ಮದೇ ಆದ ದೂರವಾಣಿ ವಿನಿಮಯ ಯಂತ್ರವನ್ನು ಕಟ್ಟಿಕೊಡುವೆವೆಂದು ಸ್ಯಾಮ್ ಪಿತ್ರೋಡ ಅವರು ಮಾತುಕೊಟ್ಟರು. ಫ್ರಾನ್ಸಿನ ಯಂತ್ರವನ್ನು ಆ ಕಾಲದಲ್ಲಿಯೇ ಇಲ್ಲಿ ತಯಾರಿಸಲು ಏರ್ಪಾಡಾಗಿದ್ದುದರಿಂದ, ಈ ಹುಡುಗರು ಕಟ್ಟುವರೋ ಇಲ್ಲವೋ ಎಂದು ವರ್ತಕರಲ್ಲಿ, ಇಲಾಖೆಯಲ್ಲಿ, ಪತ್ರಿಕೆಗಳಲ್ಲಿ ಊಹಾಪೋಹಗಳಿಗೆ ಮಿತಿಯಿರಲಿಲ್ಲ. ಎಲ್ಲರ ಕಣ್ಣೂ ನಗರಗಳಿಗೆಂದು ಹೇಳಿದ, ಸಾವಿರಾರು ಸಂಪರ್ಕಗಳ ದೊಡ್ಡ ಯಂತ್ರದ ಮೇಲಿತ್ತು. ಅದು ತಡವಾಯಿತು. ೧೯೯೦ರಲ್ಲಿ ವಿಚಾರಣೆಯ ಸಮಿತಿಯೂ ಕುಳಿತಿತು. ೩೬ ತಿಂಗಳು ಎಂದು ಡಂಗುರ ಸಾರದಿದ್ದರೆ ಆ ಇಂಜಿನಿಯರುಗಳಿಗೆ ಅಷ್ಟು ಮಾತು ಕೇಳಬೇಕಾಗುತ್ತಿರಲಿಲ್ಲವೆಂದು ನಮಗೆ ತೋರುತ್ತದೆ.

ಆದರೆ ಅಷ್ಟರಲ್ಲಿ, ಯಾರೂ ಅಷ್ಟಾಗಿ ಊಹೆ ಕಟ್ಟದಿದ್ದ ಚಿಕ್ಕ ಯಂತ್ರವೊಂದು, ೧೯೮೬ರಲ್ಲಿ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ ಕೆಲಸಕ್ಕೆ ತೊಡಗಿತ್ತು. ಅದರ ಸಂಪರ್ಕಗಳು ೧೨೮ ಮಾತ್ರ. ಅದರ ಹೆಚ್ಚಳವೇನೆಂದರೆ, ತಂಪು ಮಾಡುವ ಯಂತ್ರವಿಲ್ಲದೆ, ಊರಿನ ಧೂಳು ಸೆಕೆಗಳಲ್ಲಿ, ಸಾಮಾನ್ಯ ಕೋಣೆಯೊಂದರಲ್ಲಿ ಅದು ನಿಲ್ಲಬಲ್ಲದಾಗಿತ್ತು. ವಿದೇಶದ ದೊಡ್ಡ ಯಂತ್ರಗಳಿಗೆ ನಮ್ಮ ಹಳ್ಳಿಯ ಬೇಸಗೆ ಒಗ್ಗುತ್ತಿರಲಿಲ್ಲ. ಬೆಂಗಳೂರಿನ ಐ.ಟಿ.ಐ. ಮುಂತಾದ ಕಾರ್ಖಾನೆಗಳು ಇದನ್ನು ತಯಾರಿಸಿದುವು. ಟ್ರಂಕ್ ಕಾಲನ್ನು ಬರೆಸಿ ಅರ್ಧ ದಿನ ಕಾದು ಕುಳಿತಿದ್ದ ತಲೆಮಾರಿನವರಿಗೆ, ಹಳ್ಳಿಯ ಮೂಲೆಯಲ್ಲಿ ಹಳದಿ ಎಸ್.ಟಿ.ಡಿ. ಫಲಕವು ಕಾಣಿಸಿಕೊಂಡುದರ ಹಿಂದೆ ಇಂತಹ ಯಂತ್ರಗಳಿದ್ದುವು.

ಈಗಿನ ಕಾಲದಲ್ಲಿ ಇದಕ್ಕೆ ಸರಿಸಮವಾದ ಸುದ್ದಿಯು ಬೆಂಗಳೂರಿನಿಂದಲೇ ಬಂದಿತು. ೨೦೨೪ರ ಮಾರ್ಚ್ ತಿಂಗಳಿನಲ್ಲಿ ಕೇಂದ್ರ ಮಂತ್ರಿ ಅಶ್ವಿನಿ ವೈಷ್ಣವ್ ಅವರು, ನಿವೆಟ್ಟಿ ಸಿಸ್ಟಮ್ಸ್ ಎಂಬ ಬೆಂಗಳೂರಿನ ಕಂಪೆನಿಯು ದೂರಸಂಪರ್ಕ ಇಲಾಖೆ ಮತ್ತು ಸಿ-ಡಾಟ್‌ಗಳೊಡನೆ ಸೇರಿ ಕಟ್ಟಿದ ೨.೪ ಟೆರಾಬಿಟ್ ಶಕ್ತಿಯ ರೂಟರನ್ನು ಅನಾವರಣ ಮಾಡಿದರು. ದೇಶದಲ್ಲಿಯೇ ಕಟ್ಟಿದ ರೂಟರುಗಳಲ್ಲಿ ಅತ್ಯಂತ ವೇಗದ್ದೆಂದು ಅದನ್ನು ಸಾರಲಾಯಿತು. ಇಪ್ಪತ್ತು ವರ್ಷಗಳ ಹಿಂದೆಯೇ ಅಮೆರಿಕದಲ್ಲಿ ೯೨ ಬಂದಿತ್ತಷ್ಟೆ, ಈಗ ೨.೪ಕ್ಕೆ ಇಷ್ಟು ಸಂಭ್ರಮವೇಕೆ ಎಂದು ಮೇಲಿನ ಲೆಕ್ಕವನ್ನು ಓದದವರು ಕೇಳಿಯಾರು. ೯೨ ಎಂಬುದು ಎಂಬತ್ತು ಕಪಾಟುಗಳ ಕೂಟದ ಅಂಕಿ. ಒಂದು ಕಪಾಟಿನದು ೧.೨೮ ಮಾತ್ರ. ಹಾಗೆಂದು ನಾವು ಲೋಕವನ್ನು ಹಿಂದೆ ಹಾಕಿದೆವೆಂದು ಬೀಗುವುದೂ ಬೇಡ: ೨೦೨೨ರಲ್ಲಿಯೇ ಅಮೆರಿಕದ ಬ್ರಾಡ್‌ಕಾಮ್ ಕಂಪೆನಿಯು ೫೧.೨ ಟೆರಾಬಿಟ್ ಸಾಗಿಸುವ ಒಂದೇ ಚಿಪ್ಪನ್ನು ಹೊರತಂದಿತ್ತು. ಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಸಾಧಾರಣ ದೂರವಾಣಿ ಮಾತಿಗೆ ಒಂದೊಂದು ಕಡೆಯಿಂದ ೬೪ ಸಾವಿರ ಬಿಟ್ಟುಗಳೆಂದು ಹಿಡಿದರೆ, ೨.೪ ಟೆರಾಬಿಟ್ಟಿನಲ್ಲಿ ಮೂರು ಮುಕ್ಕಾಲು ಕೋಟಿ ಧ್ವನಿಗಳು ಒಟ್ಟಿಗೆ ಹಾಯಬಹುದು. ನಮ್ಮ ರಾಜ್ಯದ ನಡುಮನೆಗೆ ಇದು ಕಿರಿದೇನೂ ಅಲ್ಲ.

ಇದರ ಬೆಲೆಯಿರುವುದು ವೇಗಕ್ಕಿಂತ ಬೇರೆ ಕಡೆ. ಚಿಕ್ಕದೇವರಾಜರ ಅಂಚೆಯವರು ಕಾಗದವನ್ನು ಮುಟ್ಟಿಸುವುದರ ಜೊತೆಗೆ ಸೀಮೆಯ ಗುಟ್ಟುಗಳನ್ನು ಅರಮನೆಗೆ ತಿಳಿಸುವ ಕೆಲಸವನ್ನೂ ಮಾಡುತ್ತಿದ್ದರೆಂದು ಇತಿಹಾಸಕಾರರು ಬರೆದಿರುವರು. ವಿಂಗಡಿಸುವವನು ವಿಳಾಸವನ್ನು ಓದಿಯೇ ಓದುವನು. ಲಕೋಟೆಯನ್ನೂ ಬಿಚ್ಚುವನೋ ಎಂಬ ಸಂಶಯವು ಆಗಲೂ ಇತ್ತು, ಈಗಲೂ ಇದೆ. ೨೦೧೪ರಲ್ಲಿ, ಎಡ್ವರ್ಡ್ ಸ್ನೋಡೆನ್ ಹೊರಹಾಕಿದ ಕಡತಗಳೊಡನೆ ಒಂದು ಚಿತ್ರವು ಪ್ರಕಟವಾಯಿತು: ಅಮೆರಿಕದ ಬೇಹುಗಾರಿಕೆಯ ಸಂಸ್ಥೆಯವರು ಸಿಸ್ಕೋವಿನ ಯಂತ್ರದ ಪೆಟ್ಟಿಗೆಯನ್ನು ಗಿರಾಕಿಗೆ ಮುಟ್ಟುವ ಮೊದಲೇ ದಾರಿಯಲ್ಲಿ ತಡೆದು ಬಿಚ್ಚುತ್ತಿದ್ದರು. ಕಂಪೆನಿಯ ಮುಖ್ಯಸ್ಥರು ತಮ್ಮ ದೇಶದ ಅಧ್ಯಕ್ಷರಿಗೆ ಕಾಗದ ಬರೆದು ಪ್ರತಿಭಟಿಸಿದರು. ನಮ್ಮ ಸರಕಾರವು ೨೦೨೦ರ ಡಿಸೆಂಬರಿನಲ್ಲಿ ನಿರ್ಣಯಿಸಿ, ೨೦೨೧ರ ಜೂನ್ ೧೫ರಿಂದ ಜಾರಿಗೆ ತಂದ ಕಟ್ಟಳೆಯ ಪ್ರಕಾರ, ದೂರಸಂಪರ್ಕ ಕಂಪೆನಿಗಳು ನಂಬಿಕೆಗೆ ಅರ್ಹವೆಂದು ಗೊತ್ತುಮಾಡಿದ ಮೂಲಗಳಿಂದ ಮಾತ್ರ ಹೊಸ ಯಂತ್ರಗಳನ್ನು ತಂದು ಜೋಡಿಸಬೇಕು. ಬ್ಯಾಂಕಿನ ಲೆಕ್ಕ, ಪಡಿತರದ ಬೆರಳಚ್ಚು, ಅಡಿಕೆಯ ಧಾರಣೆ, ಆಸ್ಪತ್ರೆಯ ವರದಿ ಇವೆಲ್ಲ ಒಂದೇ ಕಾಲುದಾರಿಯಲ್ಲಿ ನಡೆಯುತ್ತಿರುವಾಗ, ಆ ದಾರಿಯ ಕವಲಿನಲ್ಲಿ ನಿಂತವನು ಯಾರೆಂಬುದು ಪ್ರತಿಯೊಂದು ಮನೆಯ ವಿಷಯವೇ ಆಯಿತು. ಸ್ವದೇಶದಲ್ಲಿ ಕಟ್ಟಿದ ಮಾತ್ರಕ್ಕೆ ಯಂತ್ರವು ನಿರಪಾಯವೆಂದು ತಿಳಿಯುವುದೂ ತಪ್ಪೇ. ಅದರೊಳಗಿನ ಚಿಪ್ಪು ಎಲ್ಲಿಯದು, ಅದನ್ನು ನಡೆಯಿಸುವ ಬರಹವನ್ನು ಯಾರು ಪರೀಕ್ಷಿಸಿದರು ಎಂದು ಕೇಳುವವರಿರಬೇಕು. ವ್ಯಾಪಾರದ ಗುಟ್ಟು ಪೇಟೆಗೆ ಇರಲಿ. ಪರೀಕ್ಷಕರ ಮುಂದೆ ಬಾಗಿಲು ತೆರೆಯಲೇಬೇಕು.

ಚಂದ್ರಗುತ್ತಿಯವರಿಗೆ ಎಲ್ಲಕ್ಕಿಂತ ಹತ್ತಿರವಾದ ಯಂತ್ರವು ಇನ್ನೂ ಚಿಕ್ಕದು. ಸಿಕಮೋರಿನ ಬೆಲೆ ಏರಿ ಇಳಿದ ಕಾಲದಲ್ಲಿಯೇ, ೨೦೦೦ರಲ್ಲಿ, ದೇಶಪಾಂಡೆಯವರ ಬೆಂಬಲದಿಂದ ಬೆಂಗಳೂರಿನಲ್ಲಿ ತೇಜಸ್ ನೆಟ್‌ವರ್ಕ್ಸ್ ಎಂಬ ಕಂಪೆನಿಯು ಹುಟ್ಟಿತು. ಅಮೆರಿಕದ ಕಂಪೆನಿಯು ವಿಸರ್ಜನೆಯಾಯಿತು, ಬೆಂಗಳೂರಿನದು ಉಳಿಯಿತು. ೨೦೨೧ರಲ್ಲಿ ಟಾಟಾದವರ ಕೈಸೇರಿತು. ಬಿ.ಎಸ್.ಎನ್.ಎಲ್.ನ ಜಾಲಕ್ಕೆ ೧೩,೦೦೦ಕ್ಕೂ ಮಿಕ್ಕ ರೂಟರುಗಳನ್ನು ಒದಗಿಸುವ ಕೆಲಸವು ೨೦೨೩ರಲ್ಲಿ ಅದಕ್ಕೆ ದೊರೆಯಿತು. ಇವು ನಡುಮನೆಯ ಭಾರಿ ಯಂತ್ರಗಳಲ್ಲ; ಊರೂರಿನ ಸಂಚಾರವನ್ನು ಕೂಡಿಸಿ ಹೆದ್ದಾರಿಗೆ ತರುವ, ಓಣಿಯ ತಿರುವಿನ ಯಂತ್ರಗಳು. ಇವುಗಳ ಬಗೆಗೆ ಯಾವ ಪತ್ರಿಕೆಯೂ ಊಹೆಗಳನ್ನು ಕಟ್ಟಲಿಲ್ಲ.

ಅದೇ ವರ್ಷದ ಆಗಸ್ಟಿನಲ್ಲಿ ಗ್ರಾಮ ಪಂಚಾಯಿತಿಗಳಿಗೆ ಗಾಜಿನೆಳೆಯನ್ನು ಮುಟ್ಟಿಸುವ ಭಾರತನೆಟ್ ಯೋಜನೆಯನ್ನು ತಿದ್ದಿ, ೧,೩೯,೫೭೯ ಕೋಟಿ ರೂಪಾಯಿಗಳನ್ನು ಒಪ್ಪಿದರು. ಆ ತಿದ್ದುಪಡಿಯಲ್ಲಿ ನಮ್ಮ ಗಮನಕ್ಕೆ ಬಂದ ಮುಖ್ಯ ಸಂಗತಿಯು ಹಣವಲ್ಲ. ಮೊದಲಿನ ಏರ್ಪಾಡಿನಲ್ಲಿ ಎಳೆಗಳು ತಾಲ್ಲೂಕಿನಿಂದ ಮರದ ಕೊಂಬೆಗಳಂತೆ ಹೊರಡುತ್ತಿದ್ದುವು; ಕೊಂಬೆಯೊಂದು ಮುರಿದರೆ ಅದರಾಚೆಯ ಊರುಗಳೆಲ್ಲ ಕತ್ತಲೆಗೆ ಬೀಳುತ್ತಿದ್ದುವು. ಹೊಸತರಲ್ಲಿ ಅವನ್ನು ಬಳೆಯಂತೆ ಸುತ್ತಿಸಿ ತರಬೇಕೆಂದಿದೆ. ಆಷಾಢದ ಮಳೆಗೆ ಮರವುರುಳಿಯೋ, ರಸ್ತೆ ಅಗೆಯುವ ಜೆಸಿಬಿ ತಗುಲಿಯೋ ಒಂದು ಕಡೆ ಎಳೆ ತುಂಡಾದರೆ, ಆ ಬದಿಯಲ್ಲಿರುವ ಚಿಕ್ಕ ರೂಟರು ತನ್ನ ಪಟ್ಟಿಯನ್ನು ತಿದ್ದಿಕೊಂಡು, ಲಕೋಟೆಗಳನ್ನು ಬಳೆಯ ಇನ್ನೊಂದು ಬದಿಯಿಂದ ಕಳುಹಿಸುವುದು. ಅಜ್ಜಿಯ ಭಾವಚಿತ್ರವು ಯಾವ ದಾರಿಯಿಂದ ಹೋಯಿತೆಂಬುದು ಯಾರಿಗೂ ತಿಳಿಯುವುದಿಲ್ಲ. ಸೊರಬ, ಶಿಕಾರಿಪುರಗಳ ನಮ್ಮ ವಾಚಕರು ತಮ್ಮ ಪಂಚಾಯಿತಿಯ ಕಛೇರಿಗೆ ಹೋದಾಗ, ತಮ್ಮೂರಿನ ಎಳೆಯು ಕೊಂಬೆಯೋ ಬಳೆಯೋ ಎಂದು ಒಮ್ಮೆ ವಿಚಾರಿಸಿ, ದೊರೆತ ಉತ್ತರವನ್ನು ನಮಗೂ ಬರೆದು ತಿಳಿಸಬೇಕೆಂದು ಕೋರುತ್ತೇವೆ.